ಬಂಡೆ ಇಳಿಯುವ ಹಗ್ಗ: ಶಿಬಿರಕ್ಕೆ ಹೋಗುವ ಅಧ್ಯಾಪಕರು ತಿಳಿದಿರಬೇಕಾದುದು

ಪ್ರೌಢಶಾಲೆಯ ಮಕ್ಕಳನ್ನು ಸಾಹಸ ಶಿಬಿರಗಳಿಗೆ ಕರೆದೊಯ್ಯುವುದು ಈಗ ಅಪರೂಪದ ಸಂಗತಿಯಲ್ಲ. ಸಹ್ಯಾದ್ರಿಯಲ್ಲಾಗಲಿ, ವಯನಾಡು ನೀಲಗಿರಿಗಳಲ್ಲಾಗಲಿ, ರಾಮನಗರದ ಕಲ್ಲುಬೆಟ್ಟಗಳಲ್ಲಾಗಲಿ, ಇಂತಹ ಶಿಬಿರದ ದಿನಚರಿಯಲ್ಲಿ ಹಗ್ಗದ ಆಧಾರದಿಂದ ಬಂಡೆ ಇಳಿಯುವ ರ‍್ಯಾಪೆಲಿಂಗ್ ಸಾಮಾನ್ಯವಾಗಿ ಸೇರಿರುತ್ತದೆ. ಹಗ್ಗ ಕಟ್ಟುವವರು ತರಬೇತುದಾರರು. ಹಾಜರಿ ಪಟ್ಟಿ ಹಿಡಿದು ಕೆಳಗೆ ನಿಂತಿರುವವರು ನಾವು. ಆದರೆ ಪೋಷಕರಿಂದ ಒಪ್ಪಿಗೆ ಪತ್ರಕ್ಕೆ ಸಹಿ ಪಡೆದವರೂ ನಾವೇ ಆದುದರಿಂದ, ಮಗುವಿನ ಭಾರ ಹೊರುವ ಹಗ್ಗ ಎಂತಹದು ಎಂದು ವಿಚಾರಿಸುವ ಹೊಣೆ ನಮ್ಮದೂ ಹೌದು. ವಿಚಾರಿಸಲು ಬೇಕಾದಷ್ಟು ತಿಳಿವಳಿಕೆಯನ್ನು ಒದಗಿಸುವುದಷ್ಟೇ ಈ ಲೇಖನದ ಉದ್ದೇಶ. ಇದನ್ನು ಓದಿ ಯಾರೂ ತಾವೇ ಹಗ್ಗ ಕಟ್ಟಲು ಹೊರಡಬಾರದು.

ಪರ್ವತಾರೋಹಣದ ಹಗ್ಗಗಳಲ್ಲಿ ಎರಡು ಬಗೆ. ಹೆಚ್ಚು ಹಿಗ್ಗುವಂತಹದು ಡೈನಾಮಿಕ್ ಹಗ್ಗ. ಕಡಿಮೆ ಹಿಗ್ಗುವಂತಹದು ಸ್ಟ್ಯಾಟಿಕ್ ಹಗ್ಗ, ಅಂದರೆ ಸ್ಥಿರ ಹಗ್ಗ. ಮೇಲೇರುವವನು ಕಾಲು ಜಾರಿ ಬಿದ್ದಾಗ ಹಗ್ಗ ಹಿಗ್ಗಿ ಆ ಬೀಳುವಿಕೆಯ ಹೊಡೆತವನ್ನು ನುಂಗಿಕೊಳ್ಳಬೇಕು. ಇಲ್ಲವಾದರೆ ಹಗ್ಗ ಉಳಿದರೂ ದೇಹ ಉಳಿಯದು. ಇಳಿಯುವವನ ಸ್ಥಿತಿ ಬೇರೆ. ಅವನ ಭಾರ ಮೊದಲಿನಿಂದಲೂ ಹಗ್ಗದ ಮೇಲೆಯೇ ಇರುತ್ತದೆ. ಇಲ್ಲಿ ಹಿಗ್ಗುವ ಹಗ್ಗ ಉಪಕಾರಕ್ಕಿಂತ ಅಪಕಾರವನ್ನೇ ಹೆಚ್ಚು ಮಾಡುತ್ತದೆ. ನಲವತ್ತು ಮೀಟರ್ ಹಗ್ಗ ಶೇಕಡ 8ರಷ್ಟು ಹಿಗ್ಗಿದರೆ 3.2 ಮೀಟರ್ ಆಯಿತು. ಶೇಕಡ 3ರಷ್ಟು ಹಿಗ್ಗಿದರೆ ಕೇವಲ 1.2 ಮೀಟರ್. ಹಿಗ್ಗುವ ಹಗ್ಗದಲ್ಲಿ ಮಗು ಪ್ರತಿ ಹೆಜ್ಜೆಗೂ ತೂಗಿ ಕುಣಿಯುತ್ತದೆ. ಆ ಕುಣಿತದ ಜೊತೆಗೆ ಮೇಲೆ ಬಂಡೆಯ ಅಂಚಿನಲ್ಲಿ ಹಗ್ಗ ಗರಗಸದಂತೆ ಹಿಂದು ಮುಂದಾಗಿ ಉಜ್ಜುತ್ತದೆ. ಆದುದರಿಂದ ಇಳಿಯಲು ಸ್ಥಿರ ಹಗ್ಗವೇ ತಕ್ಕುದು. ಅದೇ ಹಗ್ಗವನ್ನು ಬಂಡೆ ಏರುವವನ ಬೀಳುವಿಕೆ ತಡೆಯಲು ಬಳಸುವುದು ತಪ್ಪು. ಎರಡಕ್ಕೂ ಒಂದೇ ಹಗ್ಗ ಸಾಕೆನ್ನುವ ಶಿಬಿರದ ಬಗ್ಗೆ ಎಚ್ಚರದಿಂದಿರುವುದು ಒಳಿತು.

ನಮ್ಮ ಬಾವಿಯ ಹಗ್ಗ, ದನದ ಕಣ್ಣಿ ಇವೆಲ್ಲ ನಾರನ್ನು ಹೊಸೆದು ಹುರಿ ಮಾಡಿ, ಹುರಿಗಳನ್ನು ಸೇರಿಸಿ ತಿರುಚಿದವು. ಇಂತಹ ಹಗ್ಗದಲ್ಲಿ ತೂಗಿದವನು ಬುಗುರಿಯಂತೆ ತಿರುಗುತ್ತಾನೆ. ಬಂಡೆಯ ಹಗ್ಗದ ರಚನೆಯೇ ಬೇರೆ: ಒಳಗೆ ಭಾರ ಹೊರುವ ನೈಲಾನ್ ಎಳೆಗಳ ತಿರುಳು, ಹೊರಗೆ ಅದನ್ನು ಕಾಯುವ ಹೆಣೆದ ಕವಚ. ಯುರೋಪಿನ ಇಎನ್ 1891 ಎಂಬ ಮಾನಕವು ಇಂತಹ ಹಗ್ಗಗಳಿಗೆ ನಿಯಮ ವಿಧಿಸಿದೆ. ಅದರ ‘ಎ’ ವರ್ಗದ ಹಗ್ಗ ಕನಿಷ್ಠ 22 ಕಿಲೋನ್ಯೂಟನ್, ‘ಬಿ’ ವರ್ಗದ್ದು 18 ಕಿಲೋನ್ಯೂಟನ್ ಸೆಳೆತವನ್ನು ತಡೆಯಬೇಕು. ಭಾರ 50 ಕಿಲೋದಿಂದ 150 ಕಿಲೋಗೆ ಏರಿದಾಗ ಹಿಗ್ಗುವಿಕೆ ಶೇಕಡ 5ನ್ನು ಮೀರಬಾರದು. ಹಗ್ಗದ ತುದಿಯ ಪಟ್ಟಿಯಲ್ಲಿ ವರ್ಗವೂ ವ್ಯಾಸವೂ ಮುದ್ರಿತವಾಗಿರುತ್ತವೆ. ಶಾಲಾ ಶಿಬಿರಕ್ಕೆ 10ರಿಂದ 11 ಮಿಲಿಮೀಟರ್ ವ್ಯಾಸದ ‘ಎ’ ವರ್ಗದ ಹಗ್ಗವನ್ನೇ ಅಪೇಕ್ಷಿಸಬೇಕು. ತೆಳು ಹಗ್ಗ ಹಗುರವಾದರೂ ಇಳಿಯುವ ಸಾಧನದಲ್ಲಿ ಬೇಗ ಜಾರುತ್ತದೆ. ಅದು ಅನುಭವಿಗಳ ಕೈಗೆ ಮಾತ್ರ.

ಒಂದು ಕಿಲೋನ್ಯೂಟನ್ ಎಂದರೆ ಸುಮಾರು ನೂರು ಕಿಲೋ ಭಾರ. ನಲವತ್ತು ಕಿಲೋ ತೂಕದ ಮಗುವಿಗೆ 22 ಕಿಲೋನ್ಯೂಟನ್ ಹಗ್ಗವೆಂದರೆ ಐವತ್ತು ಪಟ್ಟಿಗೂ ಮೀರಿದ ಬಲ. ಈ ಲೆಕ್ಕ ಕೇಳಿ ನಿಶ್ಚಿಂತರಾಗುವವರು ಬಹಳ ಮಂದಿ. ಒಳ್ಳೆಯ ಹಗ್ಗ ಮಗುವಿನ ಭಾರಕ್ಕೆ ಹರಿಯುವುದಿಲ್ಲ ಎಂಬುದು ನಿಜ. ಆದರೆ ಕಲ್ಲಿನ ಅಂಚಿಗೆ ಅದು ಕೊಯ್ದುಹೋಗಬಹುದು. ಹಳೆಯ ಬಾವಿಗಳ ಕಟ್ಟೆಯಲ್ಲಿ ಹಗ್ಗ ಉಜ್ಜಿ ಉಜ್ಜಿ ಕಲ್ಲಿನಲ್ಲಿ ಗೀರು ಬಿದ್ದಿರುವುದನ್ನು ಕಂಡು ಹಗ್ಗದ ಗೆಲುವನ್ನು ಹೊಗಳುತ್ತೇವೆ. ಆ ಒಂದು ಗೀರಿಗಾಗಿ ಎಷ್ಟು ಹಗ್ಗಗಳು ಸವೆದು ಹೋದವೆಂಬುದನ್ನು ಯಾರೂ ಎಣಿಸಿಲ್ಲ. ತರಗತಿಯಲ್ಲಿ ಇದನ್ನು ತೋರಿಸುವುದು ಸುಲಭ. ಸಡಿಲವಾಗಿರುವ ದಾರಕ್ಕೆ ಬ್ಲೇಡನ್ನು ಮೆಲ್ಲನೆ ತಾಗಿಸಿದರೆ ದಾರ ಸರಿದುಕೊಳ್ಳುತ್ತದೆ. ಅದೇ ದಾರಕ್ಕೆ ಕಲ್ಲು ತೂಗುಹಾಕಿ ಬಿಗಿ ಮಾಡಿದರೆ ಅಷ್ಟೇ ಸ್ಪರ್ಶಕ್ಕೆ ತುಂಡಾಗುತ್ತದೆ. (ಬ್ಲೇಡು ಅಧ್ಯಾಪಕರ ಕೈಯಲ್ಲೇ ಇರಲಿ.) ಆದುದರಿಂದ ನಾವು ಮೊದಲು ನೋಡಬೇಕಾದುದು ಹಗ್ಗ ಬಂಡೆಯ ಅಂಚನ್ನು ದಾಟುವ ಜಾಗವನ್ನು. ಅಲ್ಲಿ ದಪ್ಪ ಕ್ಯಾನ್‌ವಾಸಿನ ಮೆತ್ತೆಯೋ ಉರುಳೆಯೋ ಇದೆಯೇ, ಅದು ಜಾರದಂತೆ ಕಟ್ಟಿದೆಯೇ? ಇಲ್ಲವಾದರೆ ಮಕ್ಕಳ ಸರತಿಯನ್ನು ಅಲ್ಲಿಯೇ ನಿಲ್ಲಿಸಬೇಕು.

ನೈಲಾನಿಗೆ ಬಿಸಿಯೂ ಶತ್ರು. ಅದು ಸುಮಾರು 220 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿಯೇ ಕರಗತೊಡಗಬಹುದು. ಸಿನಿಮಾದ ನಾಯಕನಂತೆ ಸರ್ರನೆ ಇಳಿದರೆ ಲೋಹದ ಸಾಧನ ಕಾದು, ನಿಂತ ಜಾಗದಲ್ಲಿ ಕವಚವನ್ನು ಸುಡುತ್ತದೆ. ಆಮ್ಲ ಇನ್ನೂ ಕಪಟಿ: ಜೀಪಿನ ಹಿಂಬದಿಯಲ್ಲಿ ಬ್ಯಾಟರಿಯ ಪಕ್ಕದಲ್ಲಿಟ್ಟ ಹಗ್ಗಕ್ಕೆ ಆಮ್ಲ ತಾಗಿದರೆ, ಕಣ್ಣಿಗೆ ಏನೂ ಕಾಣದೆಯೇ ಅದರ ಬಲ ಕುಗ್ಗಬಹುದು.

ನೀರಿರುವ ಕಂದರಗಳಲ್ಲಿ ಇಳಿಯುವ ಕ್ಯಾನ್ಯನಿಂಗ್ ಇನ್ನೊಂದು ವಿದ್ಯೆಯೇ ಸರಿ. ನೆನೆದ ನೈಲಾನ್ ತನ್ನ ಬಲದ ಒಂದಂಶವನ್ನು ಕಳೆದುಕೊಂಡು ಭಾರವಾಗುತ್ತದೆ. ಆದುದರಿಂದ ಅಲ್ಲಿ ಪಾಲಿಯೆಸ್ಟರ್ ಕವಚದ ಹಗ್ಗಗಳನ್ನೂ, ನೀರಿನಲ್ಲಿ ತೇಲುವ ಹಗ್ಗಗಳನ್ನೂ ಬಳಸುವುದುಂಟು. ಒಣ ಬಂಡೆಯಲ್ಲಿ ಹಗ್ಗದ ಕೆಳತುದಿಗೆ ಗಂಟು ಹಾಕಲೇಬೇಕು. ಇಲ್ಲವಾದರೆ ಹಗ್ಗ ಮುಗಿದುದು ತಿಳಿಯದೆ ಇಳಿಯುವವನು ಅದರಿಂದಲೇ ಜಾರಿ ಬೀಳುತ್ತಾನೆ. ರಭಸದ ನೀರಿನಲ್ಲಿ ಅದೇ ಗಂಟು ಕಲ್ಲುಸಂದಿಗೆ ಸಿಕ್ಕಿಕೊಳ್ಳಬಹುದು, ಇಳಿಯುವವನನ್ನು ಧಾರೆಯ ಕೆಳಗೆ ತಡೆದು ನಿಲ್ಲಿಸಬಹುದು. ಅಲ್ಲಿ ಗಂಟಿನ ಬದಲು ಹಗ್ಗದ ಉದ್ದವನ್ನು ನೀರಿನ ಮಟ್ಟಕ್ಕೆ ಸರಿಯಾಗಿ ಹೊಂದಿಸುತ್ತಾರೆ, ಮೇಲಿನಿಂದ ಹಗ್ಗವನ್ನು ಸಡಿಲಬಿಟ್ಟು ಇಳಿಸಲು ಬರುವಂತೆ ಕಟ್ಟಿರುತ್ತಾರೆ. ಒಂದು ಕಡೆ ಪ್ರಾಣ ಕಾಯುವ ನಿಯಮ ಇನ್ನೊಂದು ಕಡೆ ಪ್ರಾಣ ತೆಗೆಯುವಂತಹ ಈ ಜಾಗಕ್ಕೆ, ಮಳೆಗಾಲದ ಜಲಪಾತದ ಕೆಳಗೆ, ಶಾಲಾ ಮಕ್ಕಳನ್ನು ಇಳಿಸಬಾರದೆಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಬಂಡೆಯ ನೆತ್ತಿಯಲ್ಲಿ ನೋಡಬೇಕಾದವು ಇನ್ನೂ ಕೆಲವಿವೆ. ಇಳಿಯುವ ಹಗ್ಗವಲ್ಲದೆ, ಬೇರೆ ಆಧಾರಕ್ಕೆ ಕಟ್ಟಿದ ಎರಡನೆಯ ರಕ್ಷಣಾ ಹಗ್ಗವೊಂದು ಪ್ರತಿ ಮಗುವಿನ ಸೊಂಟಪಟ್ಟಿಗೂ ಇರಬೇಕು. ಶಿರಸ್ತ್ರಾಣದ ಮಾತು ಹೇಳಬೇಕಾಗಿಲ್ಲ. ಜಡೆ, ದುಪ್ಪಟ್ಟಾ, ಕೊರಳದಾರ ಇವು ಇಳಿಯುವ ಸಾಧನದೊಳಗೆ ಎಳೆದುಕೊಂಡು ಹೋಗುತ್ತವೆ. ಜಡೆಯನ್ನು ಮೇಲೆ ಕಟ್ಟಿ ಅಂಗಿಯೊಳಗೆ ಸೇರಿಸುವ ಕೆಲಸವನ್ನು ಅಧ್ಯಾಪಕಿಯರು ಬೆಟ್ಟ ಹತ್ತುವ ಮೊದಲೇ ಮುಗಿಸಬೇಕು.

ಗಡಿನಾಡಿನ ನಮಗೆ ಇನ್ನೊಂದು ಕಾಳಜಿ ಇದೆ. ತರಬೇತುದಾರರು ಮೇಲಿನಿಂದ ಕೂಗುವ ಆಜ್ಞೆ ನಮ್ಮ ಮಕ್ಕಳಿಗೆ ಯಾವ ಭಾಷೆಯಲ್ಲಿ ಕೇಳಿಸುತ್ತದೆ? ತಮಿಳಿನಲ್ಲಿ ‘ಇೞು’ ಎಂದರೆ ಎಳೆ ಎಂದು. ಹಳಗನ್ನಡದ ಆ ೞಕಾರವನ್ನು ತಮಿಳು ಇಂದಿಗೂ ಉಳಿಸಿಕೊಂಡಿದೆ. ಗಾಳಿಯ ಸದ್ದಿನಲ್ಲಿ ತಾಳವಾಡಿಯ ಮಗುವಿಗೆ ಅದು ‘ಇಳಿ’ ಎಂದು ಕೇಳಿಸಿದರೆ ತಪ್ಪು ಮಗುವಿನದಲ್ಲ. ಮರಾಠಿಯ ‘ಓಢ್’ ಎಂದರೆ ಎಳೆ, ‘ಸೋಡ್’ ಎಂದರೆ ಬಿಡು. ದೂರದಿಂದ ಮೊದಲ ಸಕಾರ ಅಳಿಸಿಹೋದರೆ ಅಕ್ಕಲಕೋಟೆಯ ಮಗು ಏನು ಮಾಡಬೇಕು? ಕನ್ನಡವೇನೂ ಕಡಿಮೆಯಲ್ಲ: ‘ಇಳಿ’, ‘ಎಳೆ’ ಎಂಬ ಮಾತುಗಳು ನೂರಡಿ ಎತ್ತರದಿಂದ ಒಂದೇ ಆಗಿ ಕೇಳಿಸುತ್ತವೆ. ಆದುದರಿಂದ ಹಿಂದಿನ ದಿನವೇ ತರಬೇತುದಾರರೊಡನೆ ಕುಳಿತು ಮಾತುಗಳನ್ನು ಗೊತ್ತುಮಾಡಿಕೊಳ್ಳಬೇಕು. ‘ಹೊರಟೆ’, ‘ನಿಲ್ಲು’, ‘ಬಿಗಿ’, ‘ಸಡಿಲ’, ‘ಕಳಚಿದೆ’ ಎಂಬ ಐದು ಪದಗಳು ಸಾಕು. ಇವುಗಳಲ್ಲಿ ಒಂದು ಇನ್ನೊಂದರಂತೆ ಕೇಳಿಸದು. ಸೀಟಿಯ ಸಂಕೇತಗಳು ತಂಡದಿಂದ ತಂಡಕ್ಕೆ ಬದಲಾಗುತ್ತವೆ. ಅವನ್ನೂ ಕೇಳಿ ಬರೆದುಕೊಳ್ಳಬೇಕು. ಶಾಲೆಯ ಅಂಗಳದಲ್ಲಿ ಮಕ್ಕಳನ್ನು ಇಬ್ಬಿಬ್ಬರಾಗಿ ದೂರ ನಿಲ್ಲಿಸಿ ಈ ಪದಗಳನ್ನು ಕೂಗಿಸಿದರೆ ಅರ್ಧ ಗಂಟೆಯ ಪಾಠವಾದೀತು.

ಶಾಲೆಯೇ ಹಗ್ಗ ಕೊಂಡಿದ್ದರೆ ಅದಕ್ಕೊಂದು ದಾಖಲೆ ಪುಸ್ತಕ ಬೇಕು: ತಯಾರಾದ ವರ್ಷ, ಬಳಸಿದ ದಿನಗಳು, ಪರೀಕ್ಷಿಸಿದವರ ಸಹಿ. ಪ್ರತಿ ಬಳಕೆಯ ಹಿಂದೆಯೂ ಮುಂದೆಯೂ ಹಗ್ಗವನ್ನು ಗೇಣು ಗೇಣಾಗಿ ಬೆರಳ ನಡುವೆ ಸಾಗಿಸಿ ನೋಡಬೇಕು. ಒಂದೆಡೆ ಮೆತ್ತಗೆ, ಒಂದೆಡೆ ಗಟ್ಟಿ, ಒಂದೆಡೆ ಚಪ್ಪಟೆ ಎನಿಸಿದರೆ, ಕವಚ ಹರಿದು ಬಿಳಿಯ ತಿರುಳು ಇಣುಕಿದರೆ, ಸುಟ್ಟ ಹೊಳಪು ಕಂಡರೆ ಅದರ ಕೆಲಸ ಮುಗಿಯಿತು. ಬಳಸದೆ ಇಟ್ಟ ಹಗ್ಗಕ್ಕೂ ತಯಾರಕರು ಸಾಮಾನ್ಯವಾಗಿ ಹತ್ತು ವರ್ಷದ ಮಿತಿ ಹೇಳುತ್ತಾರೆ. ಕೊಳೆಯಾದರೆ ತಣ್ಣೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಬೇಕು. ಬಿಸಿಲು ನೈಲಾನನ್ನು ತಿನ್ನುತ್ತದೆ. ವಾರ್ಷಿಕೋತ್ಸವದ ಹಗ್ಗಜಗ್ಗಾಟಕ್ಕೆ ಒಮ್ಮೆ ಬಳಸಿದ ಹಗ್ಗ ಮತ್ತೆ ಬಂಡೆಗೆ ಬರಬಾರದು. ನಿವೃತ್ತವಾದ ಹಗ್ಗವನ್ನು ಇಡಿಯಾಗಿ ಉಗ್ರಾಣದಲ್ಲಿಟ್ಟರೆ ಮುಂದಿನ ವರ್ಷ ಬಂದ ಹೊಸ ಅಧ್ಯಾಪಕರು ತಿಳಿಯದೆ ಹೊರತೆಗೆದಾರು. ಅದನ್ನು ಮಾರುದ್ದದ ತುಂಡುಗಳಾಗಿ ಕತ್ತರಿಸಿ, ಗಂಟು ಹಾಕುವ ಅಭ್ಯಾಸಕ್ಕೆ ಸ್ಕೌಟ್ ಮಕ್ಕಳಿಗೆ ಹಂಚಬೇಕು.