ಖಿನ್ನತೆಗೆ ಆಸ್ಪತ್ರೆಯಲ್ಲಿ ಸಿಗಬೇಕಾದ ಆರೈಕೆ

ಖಿನ್ನತೆಯ ರೋಗಿಗೆ ಸಿಗುವ ಆರೈಕೆಯ ಗುಣಮಟ್ಟ ಮೊದಲ ಭೇಟಿಯ ಮಾತುಕತೆಯಲ್ಲೇ ಗೊತ್ತಾಗುತ್ತದೆ. ನಿದ್ದೆ, ಹಸಿವು, ದಣಿವು ವಿಚಾರಿಸಿದ ವೈದ್ಯರು ಸಾಯುವ ಯೋಚನೆ ಬರುತ್ತಿದೆಯೇ ಎಂದೂ ನೇರವಾಗಿ ಕೇಳಬೇಕು. ಕೇಳಿದರೆ ಆ ಯೋಚನೆ ಹುಟ್ಟಿಕೊಳ್ಳುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಥೈರಾಯ್ಡ್ ಹಾರ್ಮೋನಿನ ಕೊರತೆಯೂ ಖಿನ್ನತೆಯಂತೆ ತೋರಬಹುದು, ಅದಕ್ಕೇ ರಕ್ತಪರೀಕ್ಷೆಯೂ ಬೇಕು.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಗೆ ಘನತೆ, ಗೋಪ್ಯತೆ, ಚಿಕಿತ್ಸೆಯ ಮಾಹಿತಿ ಪಡೆಯುವ ಹಕ್ಕು ಕೊಟ್ಟಿದೆ. ಅರಿವಳಿಕೆ ಇಲ್ಲದೆ ಇಸಿಟಿ ಎಂಬ ವಿದ್ಯುತ್ ಚಿಕಿತ್ಸೆ ಕೊಡುವುದನ್ನೂ ಸರಪಳಿಯಲ್ಲಿ ಕಟ್ಟುವುದನ್ನೂ ನಿಷೇಧಿಸಿದೆ.

ಆರೈಕೆ ಹೆಚ್ಚಾಗಿ ಎಡವುವುದು ಡಿಸ್ಚಾರ್ಜ್ ಹೊತ್ತಿನಲ್ಲಿ. ಖಿನ್ನತೆಯ ಮಾತ್ರೆಗಳ ಪರಿಣಾಮ ಕಾಣಲು ಸಾಮಾನ್ಯವಾಗಿ 2ರಿಂದ 4 ವಾರ ಬೇಕು. ಗುಣವಾದ ಮೇಲೂ ಕನಿಷ್ಠ 6 ತಿಂಗಳು ಮುಂದುವರಿಸಬೇಕಾಗುತ್ತದೆ. ಮನೆಗೆ ಹೋದ ಮೊದಲ ಕೆಲವು ವಾರಗಳಲ್ಲೇ ಆತ್ಮಹತ್ಯೆಯ ಅಪಾಯ ತೀರಾ ಹೆಚ್ಚು. ಆದ್ದರಿಂದ ಔಷಧಿ ಚೀಟಿ ಕೊಟ್ಟು ಕಳಿಸಿದರೆ ಖಂಡಿತ ಸಾಲದು. ಮರುಭೇಟಿಯ ದಿನ, ಮಾತ್ರೆಯ ಅಡ್ಡಪರಿಣಾಮ, ಅಪಾಯದ ಲಕ್ಷಣಗಳನ್ನು ರೋಗಿಗೂ ಅವರು ಒಪ್ಪಿದ ಮನೆಯವರಿಗೂ ಬಿಡಿಸಿ ಹೇಳಬೇಕು. ರೋಗಿ ಬಾರದಿದ್ದರೆ ಆಸ್ಪತ್ರೆಯೇ ಫೋನ್ ಮಾಡಿ ವಿಚಾರಿಸಬೇಕು. ನಡುವೆ ಸಂಕಟ ಹೆಚ್ಚಾದರೆ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಹಗಲೂ ರಾತ್ರಿಯೂ ಉಚಿತವಾಗಿ, ಕನ್ನಡದಲ್ಲೇ ಮಾತನಾಡಬಹುದು.