ಎಣ್ಣೆ ಹನಿಯ ಎಂಜಿನಿಯರಿಂಗ್

ಹೊಲಿಗೆ ಯಂತ್ರ ವಿತರಣೆಯ ಫೋಟೊಗಳನ್ನು ಪತ್ರಿಕೆಗಳಲ್ಲಿ ಆಗಾಗ ನೋಡುತ್ತೇವೆ. ವರ್ಷದ ನಂತರ ಆ ಯಂತ್ರ ಹೊಲಿಯುತ್ತಿದೆಯೋ, ತುಕ್ಕು ಹಿಡಿದು ಮೂಲೆ ಸೇರಿದೆಯೋ ಎಂಬ ಫೋಟೊ ಮಾತ್ರ ಬರುವುದಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ವೃತ್ತಿಗಳಲ್ಲಿ ದರ್ಜಿ ಕೆಲಸವೂ ಇದೆ. ಉಪಕರಣ ಕೊಳ್ಳಲು 15 ಸಾವಿರ ರೂಪಾಯಿವರೆಗೆ ನೆರವು ಸಿಗುತ್ತದೆ. ಆದರೆ ಕೊಂಡ ಯಂತ್ರ ದುಡಿಯುತ್ತಲೇ ಇರಬೇಕಾದರೆ ದಿನಕ್ಕೆ ಹತ್ತು ನಿಮಿಷದ ಆರೈಕೆ ಬೇಕು.

ನಮ್ಮ ಮನೆಯಲ್ಲಿ ಅಮ್ಮ ಕಾಲಲ್ಲಿ ತುಳಿಯುವ ಮಿಷನ್‌ನಲ್ಲಿ ರವಿಕೆ ಹೊಲಿಯುತ್ತಾಳೆ. ನನ್ನ ಬಸ್ ಪಾಸು, ಪುಸ್ತಕ, ಪರೀಕ್ಷಾ ಶುಲ್ಕ ಎಲ್ಲವೂ ಅದರಿಂದಲೇ. ಮದುವೆ ಸೀಸನ್‌ನಲ್ಲಿ ಎರಡು ದಿನ ಮಿಷನ್ ನಿಂತರೆ ಆ ದಿನಗಳ ಸಂಪಾದನೆ ಮಾತ್ರವಲ್ಲ, ಗಿರಾಕಿಗಳೂ ಕೈತಪ್ಪುತ್ತಾರೆ. ಹಾಗಾಗಿ ಅವಳ ಕ್ರಮ ತಪ್ಪುವುದಿಲ್ಲ.

ಕೆಲಸ ಮುಗಿದ ಮೇಲೆ ಬಾಬಿನ್ ಕೇಸ್ ಹೊರತೆಗೆದು, ಅಲ್ಲಿ ಸೇರಿರುವ ದಾರದ ನಾರು, ಧೂಳನ್ನು ಪುಟ್ಟ ಬ್ರಷ್‌ನಿಂದ ತೆಗೆಯುತ್ತಾಳೆ. ಬಟ್ಟೆಯನ್ನು ಮುಂದಕ್ಕೆ ತಳ್ಳುವ ಹಲ್ಲುಗಳ ಸಂದಿಯಲ್ಲೂ ಅಷ್ಟೇ. ಬಾಯಿಂದ ಊದಿದರೆ ಉಸಿರಿನ ತೇವ ಒಳಗೆ ಹೋಗುತ್ತದೆ. ವಿದ್ಯುತ್ ಮಿಷನ್ ಆದರೆ ಮೊದಲು ಪ್ಲಗ್ ಕೀಳಬೇಕು.

ನಂತರ ಎಣ್ಣೆ. ಪ್ರತಿ ತೂತಿಗೆ ಒಂದೆರಡು ಹನಿ ಸಾಕು, ಅದೂ ಹೊಲಿಗೆ ಯಂತ್ರದ ಎಣ್ಣೆಯೇ ಆಗಬೇಕು. ಕೊಬ್ಬರಿ ಎಣ್ಣೆ ಚಳಿಗೆ ಹೆಪ್ಪುಗಟ್ಟುತ್ತದೆ, ದಿನ ಕಳೆದಂತೆ ಧೂಳಿನ ಜೊತೆ ಸೇರಿ ಅಂಟಾಗುತ್ತದೆ. ಎಣ್ಣೆ ಬಿಟ್ಟ ಮೇಲೆ ದಾರವಿಲ್ಲದೆ ಒಂದು ನಿಮಿಷ ಓಡಿಸಿ, ಹಳೆ ಬಟ್ಟೆಯ ಮೇಲೆ ನಾಲ್ಕು ಸಾಲು ಹೊಲಿದು ನೋಡಬೇಕು. ಇಲ್ಲದಿದ್ದರೆ ಕಲೆ ಬೀಳುವುದು ಗಿರಾಕಿಯ ರೇಷ್ಮೆ ರವಿಕೆಯ ಮೇಲೆ!

ಮಿಷನ್‌ನಲ್ಲಿ ಅತಿ ಅಗ್ಗದ ಭಾಗ ಸೂಜಿ. ಜನ ಜಿಪುಣತನ ಮಾಡುವುದೂ ಅದರಲ್ಲೇ. ಸುಮಾರು ಎಂಟು ಗಂಟೆ ಹೊಲಿದ ಮೇಲೆ ಸೂಜಿ ಬದಲಿಸುವುದು ಒಳ್ಳೆಯದು. ಮೊಂಡಾದ ಸೂಜಿ ಟಕ್ ಟಕ್ ಸದ್ದು ಮಾಡುತ್ತದೆ, ಹೊಲಿಗೆ ಹಾರಿಸುತ್ತದೆ, ತೆಳು ಬಟ್ಟೆಯ ಎಳೆ ಕೀಳುತ್ತದೆ. ತೆಳು ಬಟ್ಟೆಗೆ 11, ಸಾಧಾರಣ ಕಾಟನ್‌ಗೆ 14, ಜೀನ್ಸ್‌ಗೆ 16 ಅಥವಾ 18ನೇ ನಂಬರಿನ ಸೂಜಿ ಹಾಕಬೇಕು.

ಕತ್ತರಿಗೂ ನಿಯಮವಿದೆ. ಬಟ್ಟೆಯ ಕತ್ತರಿಯಿಂದ ಕಾಗದ ಕತ್ತರಿಸಿದರೆ ಅಲಗು ಬೇಗ ಮೊಂಡಾಗುತ್ತದೆ. ನಮ್ಮ ಮನೆಯಲ್ಲಿ ನನ್ನ ಪ್ರಾಜೆಕ್ಟ್ ಶೀಟಿಗೆ ಬೇರೆ ಕತ್ತರಿ ಇದೆ. ಕೆಲಸವಾದ ಮೇಲೆ ಒಣಬಟ್ಟೆಯಿಂದ ಒರೆಸಿ, ತಿರುಪಿನ ಬಳಿ ಒಂದು ಹನಿ ಎಣ್ಣೆ ಬಿಟ್ಟರಾಯಿತು. ತೆಳು ಬಟ್ಟೆ ತುದಿಯಲ್ಲಿ ಕತ್ತರಿಸದೆ ಮಡಚಿಕೊಂಡರೆ ಸಾಣೆ ಹಿಡಿಸುವ ಹೊತ್ತು ಬಂದಿದೆ ಎಂದರ್ಥ.

ಇಷ್ಟನ್ನೂ ನಮ್ಮ ಪಠ್ಯ ಬೇರೆ ಹೆಸರಿನಲ್ಲಿ ಕಲಿಸುತ್ತದೆ. ಜಪಾನಿನ ಸೆಯಿಚಿ ನಕಾಜಿಮಾ ರೂಪಿಸಿದ ‘ಟೋಟಲ್ ಪ್ರೊಡಕ್ಟಿವ್ ಮೇಂಟೆನೆನ್ಸ್’ನಲ್ಲಿ ‘ಜಿಶು ಹೊಜೆನ್’ ಎಂಬ ಭಾಗವಿದೆ. ಯಂತ್ರ ನಡೆಸುವವರೇ ಅದನ್ನು ಶುಚಿಗೊಳಿಸಿ, ಎಣ್ಣೆ ಬಿಟ್ಟು, ಸದ್ದು, ಸಡಿಲಗಳನ್ನು ಗಮನಿಸಬೇಕು ಎಂಬುದು ಅದರ ಸಾರ. ಕೆಟ್ಟ ಮೇಲೆ ರಿಪೇರಿ ಮಾಡುವುದಕ್ಕಿಂತ ಕೆಡದಂತೆ ನೋಡಿಕೊಳ್ಳುವುದು ಅಗ್ಗ. ಕ್ಯಾಂಪಸ್ ಸಂದರ್ಶನದಲ್ಲಿ ಇದರ ವ್ಯಾಖ್ಯಾನ ಕೇಳಿದರೆ ನನಗೆ ಉದಾಹರಣೆ ಹುಡುಕುವ ಕಷ್ಟವಿಲ್ಲ.

ಎಲ್ಲ ರಿಪೇರಿಯನ್ನೂ ನಾವೇ ಮಾಡಲಾಗದು. ಸೂಜಿ ಮತ್ತು ಷಟಲ್‌ನ ಹೊಂದಾಣಿಕೆ ತಪ್ಪಿದರೆ ಮೆಕ್ಯಾನಿಕ್ಕೇ ಬೇಕು. ಆದರೆ ಅವರನ್ನು ಕರೆಯುವ ಮುನ್ನ ಸೂಜಿ ಬದಲಿಸಿ, ಧೂಳು ತೆಗೆದು, ದಾರ ಮತ್ತೆ ಪೋಣಿಸಿ ನೋಡಿ. ಎಷ್ಟೋ ಬಾರಿ ಅಷ್ಟಕ್ಕೇ ಸರಿಹೋಗುತ್ತದೆ.

ಕೆಲಸ ಹುಡುಕುತ್ತಾ ಟೈಲರಿಂಗ್ ತರಗತಿ ಸೇರಿರುವವರು, ಸಾಲ ಮಾಡಿ ಮಿಷನ್ ಕೊಳ್ಳಲು ಹೊರಟವರು ನಮ್ಮ ನಡುವೆ ಬಹಳ ಮಂದಿ ಇದ್ದಾರೆ. ಅಂಗಡಿಯಲ್ಲಿ ದರ, ವಾರಂಟಿ ವಿಚಾರಿಸಿದ ಮೇಲೆ ಇನ್ನೊಂದು ಪ್ರಶ್ನೆಯನ್ನೂ ಕೇಳಿ: ‘ಇದಕ್ಕೆ ಎಣ್ಣೆ ಎಲ್ಲೆಲ್ಲಿ ಬಿಡಬೇಕು?’