ಹಾಲಿನ ಜೊತೆ ನುಂಗಬಾರದ ಮಾತ್ರೆ

ರಾತ್ರಿ ಮಲಗುವ ಮುಂಚೆ ಒಂದು ಲೋಟ ಬಿಸಿ ಹಾಲು, ಅದರ ಜೊತೆಗೇ ಮಲಬದ್ಧತೆಯ ಮಾತ್ರೆ. ಅನೇಕರಿಗಿರುವ ರೂಢಿ ಇದು. ಆ ಮಾತ್ರೆ ಬಿಸಾಕೋಡಿಲ್ ಆಗಿದ್ದರೆ ಈ ರೂಢಿ ಬಿಡಲೇಬೇಕು.

ಬಿಸಾಕೋಡಿಲ್ ಮಾತ್ರೆಯ ಮೇಲಿನ ನುಣುಪಾದ ಲೇಪ ಅಂದಕ್ಕಾಗಿ ಬಳಿದದ್ದಲ್ಲ. ಜಠರದ ಆಮ್ಲದಲ್ಲಿ ಅದು ಕರಗುವುದಿಲ್ಲ; ಆಮ್ಲ ಕಡಿಮೆಯಿರುವ ಕರುಳಿಗೆ ಇಳಿದ ಮೇಲಷ್ಟೇ ಕರಗುತ್ತದೆ. ಹಾಲು ಕುಡಿದರೆ, ಆಂಟಾಸಿಡ್ ತೆಗೆದುಕೊಂಡರೆ ಜಠರದ ಆಮ್ಲ ತಗ್ಗಿ, ಲೇಪ ಅಲ್ಲೇ ಕರಗಿಬಿಡಬಹುದು. ಆಗ ಔಷಧಿ ಜಠರವನ್ನು ಕೆರಳಿಸಿ ಹೊಟ್ಟೆ ನುಲಿಸುತ್ತದೆ, ವಾಕರಿಕೆ ತರುತ್ತದೆ. ಹಾಲು ಅಥವಾ ಆಂಟಾಸಿಡ್‌ಗೂ ಈ ಮಾತ್ರೆಗೂ ನಡುವೆ ಕನಿಷ್ಠ 1 ಗಂಟೆ ಬಿಡಬೇಕು. ಮಾತ್ರೆಯನ್ನು ಅಗಿಯುವುದೂ ಪುಡಿ ಮಾಡುವುದೂ ಬೇಡ.

ದೊಡ್ಡ ಕರುಳು ಮುಟ್ಟಿದ ಬಿಸಾಕೋಡಿಲ್ ಅಲ್ಲಿನ ಸ್ನಾಯುಗಳನ್ನು ಪ್ರಚೋದಿಸುತ್ತದೆ. ಕರುಳು ನೀರು ಹೀರಿಕೊಳ್ಳುವುದನ್ನೂ ತಗ್ಗಿಸುತ್ತದೆ. 6ರಿಂದ 12 ಗಂಟೆಯಲ್ಲಿ ಫಲ ಕಾಣುತ್ತದೆ. ಮಲಬದ್ಧತೆಯ ಬೇರೆ ಔಷಧಿಗಳಲ್ಲಿ ಸೋನಾಮುಖಿಯದೂ ಹೆಚ್ಚುಕಡಿಮೆ ಇದೇ ದಾರಿ, ಆದರೆ ಅದನ್ನು ಚುರುಕುಗೊಳಿಸುವುದು ಕರುಳಿನ ಬ್ಯಾಕ್ಟೀರಿಯಾ. ಲ್ಯಾಕ್ಟುಲೋಸ್ ನಮಗೆ ಜೀರ್ಣವಾಗದ ಸಕ್ಕರೆ. ಕರುಳಿನೊಳಕ್ಕೆ ನೀರನ್ನು ಸೆಳೆದು ಮಲವನ್ನು ಮೆದುವಾಗಿಸುತ್ತದೆ. ಇಸಬ್‌ಗೋಲ್ ನೀರು ಹೀರಿ ಲೋಳೆಯಾಗಿ ಉಬ್ಬುತ್ತದೆ. ಸಾಕಷ್ಟು ನೀರಿಲ್ಲದೆ ನುಂಗಿದರೆ ಗಂಟಲಲ್ಲೇ ಉಬ್ಬಿ ಉಸಿರು ಕಟ್ಟಿಸಬಹುದು. ಥೈರಾಯ್ಡ್ ಮಾತ್ರೆ ರಕ್ತಕ್ಕೆ ಸೇರುವುದನ್ನೂ ಇದು ಕುಗ್ಗಿಸಬಹುದು. ಆದ್ದರಿಂದ ಬೆಳಗ್ಗೆ ಥೈರಾಯ್ಡ್ ಮಾತ್ರೆ ನುಂಗುವವರು ಇಸಬ್‌ಗೋಲನ್ನು ರಾತ್ರಿಗೆ ಇಟ್ಟುಕೊಳ್ಳುವುದು ಒಳ್ಳೆಯದು.

ನನಗೆ ಹೆಚ್ಚು ಆತಂಕ ಹೃದ್ರೋಗಿಗಳ ಬಗ್ಗೆ. ಭೇದಿಯಾದಾಗ ನೀರಿನ ಜೊತೆ ಪೊಟ್ಯಾಶಿಯಮ್ ಕೂಡ ಹೋಗುತ್ತದೆ. ಫ್ಯುರೋಸೆಮೈಡ್‌ನಂಥ ಮೂತ್ರ ಹೆಚ್ಚಿಸುವ ಮಾತ್ರೆ ಅದನ್ನು ಮೂತ್ರದಲ್ಲಿ ಮೊದಲೇ ಹೊರಹಾಕುತ್ತಿರುತ್ತದೆ. ಹೃದಯದ ಜೀವಕೋಶಗಳ ಪೊರೆಯಲ್ಲಿ ಸೋಡಿಯಂ-ಪೊಟ್ಯಾಶಿಯಮ್ ಪಂಪುಗಳಿವೆ. ಹೃದಯಕ್ಕೆ ಕೊಡುವ ಔಷಧಿ ಡಿಗಾಕ್ಸಿನ್ ಬಂದು ಅಂಟಿಕೊಳ್ಳುವುದು ಈ ಪಂಪಿಗೇ, ಅಲ್ಲಿ ಅದಕ್ಕೆ ಪೈಪೋಟಿ ಕೊಡುವುದು ಪೊಟ್ಯಾಶಿಯಮ್. ಪೈಪೋಟಿ ಇಳಿದರೆ ಡಿಗಾಕ್ಸಿನ್ ಹೆಚ್ಚು ಅಂಟಿಕೊಳ್ಳುತ್ತದೆ. ಮಾತ್ರೆಯ ಪ್ರಮಾಣ ಹಿಂದಿನಷ್ಟೇ ಇದ್ದರೂ ಅದು ವಿಷವಾಗಬಹುದು, ಹೃದಯದ ಬಡಿತ ಏರುಪೇರಾಗಬಹುದು. ದಿನವೂ ಭೇದಿ ಮಾತ್ರೆ ನುಂಗುವ ವಯಸ್ಸಾದವರಲ್ಲಿ ಭೇದಿ, ಮೂತ್ರ ಹೆಚ್ಚಿಸುವ ಮಾತ್ರೆ, ಡಿಗಾಕ್ಸಿನ್ ಈ ಮೂರೂ ಒಟ್ಟಿಗೆ ಸೇರುವ ಸಂಭವ ಇದ್ದೇ ಇದೆ.

ಮನೆಯ ಹಿರಿಯರನ್ನು ಡಾಕ್ಟರ ಬಳಿ ಕರೆದೊಯ್ಯುವಾಗ ಮಾತ್ರೆಗಳ ಜೊತೆ ಚೂರ್ಣದ ಡಬ್ಬಿಯನ್ನೂ ಚೀಲಕ್ಕೆ ಹಾಕಿಕೊಳ್ಳಿ. ಎಷ್ಟೋ ಚೂರ್ಣಗಳಲ್ಲಿ ಸೋನಾಮುಖಿ ಇರುತ್ತದೆ; ಅದನ್ನು ಔಷಧಿಯೆಂದು ಎಣಿಸದೆ ಹೇಳದೇ ಬಿಡುವವರೇ ಬಹಳ.